ಬಲಿತ ಕೋಶ, ಎಳೆ ಕೋಶ

ಕ್ಯಾನ್ಸರ್ ಗಡ್ಡೆಯ ಬಯಾಪ್ಸಿ ವರದಿಯಲ್ಲಿ ‘ವೆಲ್ ಡಿಫರೆನ್ಷಿಯೇಟೆಡ್’ ಎಂದು ಬರೆದು ಸಹಿ ಹಾಕುವಾಗಲೆಲ್ಲ ನನಗೆ ಅಳುಕು. ಓದುವವರು ಏನೆಂದುಕೊಳ್ಳುತ್ತಾರೋ! ಈಚೆಗೆ ಒಬ್ಬ ಹೆಣ್ಣುಮಗಳು ತಾಯಿಯ ವರದಿ ಹಿಡಿದು ಬಂದರು. ಅತ್ತು ಅತ್ತು ಕಣ್ಣು ಕೆಂಪಾಗಿತ್ತು. ‘ಡಾಕ್ಟ್ರೇ, ಕೋಶ ಪೂರ್ತಿ ಬೇರೆ ಥರ ಆಗಿದೆ ಅಂತ ಬರ್ದಿದೀರಲ್ಲ, ನಮ್ಮಮ್ಮಂಗೆ ಅಷ್ಟು ಜೋರಾಗಿದ್ಯಾ?’ ಎಂದರು. ಇನ್ನೊಬ್ಬರು ‘ಪೂರ್ಲಿ ಡಿಫರೆನ್ಷಿಯೇಟೆಡ್’ ಎಂಬುದನ್ನು ರೋಗಕ್ಕೆ ಬಲ ಕಡಿಮೆ ಎಂದು ಓದಿಕೊಂಡು ಚಿಕಿತ್ಸೆಯನ್ನು ಒಂದು ತಿಂಗಳು ಮುಂದೂಡಿದ್ದರು. ಅವರನ್ನು ನೆನೆದರೆ ಈಗಲೂ ಹೊಟ್ಟೆ ಚುರ್ರೆನ್ನುತ್ತದೆ.

ಇಲ್ಲಿ ‘ಡಿಫರೆನ್ಷಿಯೇಟ್’ ಆಗುವುದು ಎಂದರೆ ಬಲಿಯುವುದು ಎಂದು ಅರ್ಥ. ಎಳೆ ಕೋಶ ಬಲಿತು ತನ್ನ ಕಸುಬು ಕಲಿಯುವುದು. ‘ವೆಲ್’ ಎಂದರೆ ಗಡ್ಡೆಯ ಕೋಶಗಳು ತಾವು ಹುಟ್ಟಿದ ಅಂಗದ ಚಹರೆಯನ್ನು ಇನ್ನೂ ಉಳಿಸಿಕೊಂಡಿವೆ. ಕರುಳಿನ ಗಡ್ಡೆಯಾದರೆ ಕೋಶಗಳು ಉಂಗುರದಂತೆ ಸುತ್ತ ನಿಂತು ಗ್ರಂಥಿ ಕಟ್ಟಿರುತ್ತವೆ. ‘ಪೂರ್ಲಿ’ಯಲ್ಲಿ ಉಂಗುರವೂ ಇಲ್ಲ, ಸಾಲೂ ಇಲ್ಲ, ದೊಡ್ಡ ನ್ಯೂಕ್ಲಿಯಸ್ ಹೊತ್ತ ಕೋಶಗಳ ದೊಂಬಿ. ಸಾಮಾನ್ಯವಾಗಿ ಮೊದಲನೆಯದು ನಿಧಾನದ್ದು, ಎರಡನೆಯದು ಅವಸರದ್ದು. ‘ಸಾಮಾನ್ಯವಾಗಿ’ ಎಂಬುದನ್ನು ದಯವಿಟ್ಟು ಬಿಟ್ಟು ಓದಬೇಡಿ. ರೋಗ ಎಲ್ಲಿಯವರೆಗೆ ಹರಡಿದೆ ಎಂಬ ಹಂತ ಬೇರೆಯೇ ಲೆಕ್ಕ. ಅವಸರದ ಕೆಲವು ಲಿಂಫೋಮಾಗಳು (ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್‌ಗಳು) ಔಷಧಿಗೆ ಚೆನ್ನಾಗಿಯೇ ಮಣಿಯುತ್ತವೆ.

ಇದು ಅರ್ಥವಾದ ಮೇಲೆ ಬರುವ ಮುಂದಿನ ಪ್ರಶ್ನೆ ಟೆಲೊಮರೇಸ್. ‘ಅಮರತ್ವದ ಕಿಣ್ವ’ ಎಂದು ಎಲ್ಲೋ ಓದಿರುತ್ತಾರೆ. ‘ಅದನ್ನ ಟೆಸ್ಟ್ ಮಾಡಿ, ನಿಲ್ಲಿಸೋ ಮಾತ್ರೆ ಕೊಡಿ’ ಎನ್ನುತ್ತಾರೆ. ಕೋಶ ಪ್ರತಿ ಸಲ ಒಡೆದು ಎರಡಾದಾಗಲೂ ವರ್ಣತಂತುವಿನ ತುದಿ ಒಂದಿಷ್ಟು ಸವೆಯುತ್ತದೆ. ಹಾಗೆ ಸವೆದ ತುದಿಯನ್ನು ಮತ್ತೆ ಹೆಣೆಯುವ ಕಿಣ್ವವಿದು. 1984ರ ಕ್ರಿಸ್‌ಮಸ್ ದಿನ ವಿಜ್ಞಾನಿ ಕ್ಯಾರಲ್ ಗ್ರೈಡರ್ ಇದರ ಗುರುತನ್ನು ಮೊದಲು ಕಂಡದ್ದು ಕೊಳದ ನೀರಿನ ಏಕಕೋಶ ಜೀವಿಯೊಂದರಲ್ಲಿ. 2009ರಲ್ಲಿ ಅವರಿಗೂ ಎಲಿಜಬೆತ್ ಬ್ಲ್ಯಾಕ್‌ಬರ್ನ್, ಜ್ಯಾಕ್ ಸೋಸ್ಟಾಕ್ ಅವರಿಗೂ ನೊಬೆಲ್ ಬಂತು. ನಮ್ಮ ದೇಹದ ಬಹುತೇಕ ಬಲಿತ ಕೋಶಗಳಲ್ಲಿ ಈ ಕಿಣ್ವ ಮಲಗಿರುತ್ತದೆ. ಕ್ಯಾನ್ಸರ್‌ಗಳಲ್ಲಿ ಮಾತ್ರ ನೂರಕ್ಕೆ 85ರಿಂದ 90ರಷ್ಟರಲ್ಲಿ ಎಚ್ಚರವಾಗಿರುತ್ತದೆ.

ಎಲ್ಲರೂ ಎಡವುವುದು ಇಲ್ಲಿ. ಟೆಲೊಮರೇಸ್ ಕೋಶಕ್ಕೆ ‘ಒಡೆ’ ಎಂದು ಹೇಳುವುದಿಲ್ಲ. ಒಡೆಯುತ್ತಲೇ ಇರುವ ಕೋಶಕ್ಕೆ ದಾರಿ ಮುಗಿಯದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ಅದನ್ನು ತಡೆದ ಕೂಡಲೇ ಗಡ್ಡೆ ಕರಗುವುದಿಲ್ಲ. ತುದಿಗಳು ಸವೆದು ಮುಗಿಯುವವರೆಗೆ ಕೋಶ ಒಡೆಯುತ್ತಲೇ ಇರುತ್ತದೆ. ಕಿಣ್ವ ನಿಂತಿತೆಂದು ಎಳೆ ಕೋಶ ಬಲಿಯುತ್ತದೆಂಬ ಭರವಸೆಯೂ ಇಲ್ಲ. ಆದರೆ ಕೋಶವನ್ನು ಬಲಿಯುವಂತೆ ಮಾಡಿದರೆ ಕಿಣ್ವ ತಾನಾಗಿ ಇಳಿಯುವುದುಂಟು.

ವಿದ್ಯಾರ್ಥಿಯಾಗಿದ್ದಾಗ ಎಚ್‌ಎಲ್-60 ಎಂಬ ರಕ್ತಕ್ಯಾನ್ಸರ್ ಕೋಶಗಳನ್ನು ಬೆಳೆಸುತ್ತಿದ್ದೆ. ಅವು ತಿಂದುಂಡು ಹೆಚ್ಚಿ, ಫ್ಲಾಸ್ಕಿನ ಕೆಂಪು ದ್ರವವನ್ನು ಎರಡು ಮೂರು ದಿನಕ್ಕೆಲ್ಲ ಹಳದಿ ಮಾಡಿಬಿಡುತ್ತಿದ್ದವು. ಒಂದು ಫ್ಲಾಸ್ಕಿಗೆ ವಿಟಮಿನ್ ‘ಎ’ ವರ್ಗದ ರೆಟಿನೋಯಿಕ್ ಆಮ್ಲ ಹಾಕಿದೆವು. ಐದನೆಯ ದಿನವೂ ಅದರ ದ್ರವ ಕೆಂಪಾಗಿಯೇ ಇತ್ತು. ಬಣ್ಣ ಹಾಕಿ ನೋಡಿದರೆ ದುಂಡಗಿದ್ದ ನ್ಯೂಕ್ಲಿಯಸ್ ಹಾಲೆ ಹಾಲೆಯಾಗಿ ಮಡಚಿಕೊಂಡಿತ್ತು, ಥೇಟ್ ಬಲಿತ ಬಿಳಿ ರಕ್ತಕಣದ ಹಾಗೆ. ಇಂಥ ಕೋಶಗಳಲ್ಲಿ ಬಲಿಯುತ್ತ ಬಂದಂತೆ ಟೆಲೊಮರೇಸ್ ಕುಸಿಯುತ್ತದೆಂದು 1995ರಲ್ಲೇ ಪ್ರಕಟವಾಗಿದೆ. ಪ್ರೊಮೈಲೊಸೈಟಿಕ್ ಲ್ಯುಕೇಮಿಯಾ ಎಂಬ ರಕ್ತಕ್ಯಾನ್ಸರಿಗೆ ಇದೇ ರೆಟಿನೋಯಿಕ್ ಆಮ್ಲವನ್ನೂ ಆರ್ಸೆನಿಕ್ ಟ್ರೈಆಕ್ಸೈಡನ್ನೂ ಕೊಡುತ್ತಾರೆ, ಬಹುಪಾಲು ಜನ ಗುಣವಾಗುತ್ತಾರೆ. ಉಳಿದ ಕ್ಯಾನ್ಸರ್‌ಗಳು ಇಷ್ಟು ಸುಲಭಕ್ಕೆ ಬಲಿಯುವುದಿಲ್ಲ. ಹಾಗಾಗಿ ಇದನ್ನು ಓದಿ ಯಾರೂ ಔಷಧಿ ಅಂಗಡಿಗೆ ಹೋಗಬಾರದು.

ಆ ಹೆಣ್ಣುಮಗಳನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿ ತಾಯಿಯ ಸ್ಲೈಡ್ ತೋರಿಸಿದೆ. ಉಂಗುರಗಳನ್ನು ಬಹಳ ಹೊತ್ತು ನೋಡಿದರು. ‘ಹಾಗಾದ್ರೆ ಹರಡಿದ್ಯಾ ಅನ್ನೋದನ್ನ ಯಾರನ್ನ ಕೇಳ್ಬೇಕು?’ ಎಂದರು. ಅದು ನನ್ನ ಸ್ಲೈಡಿನಲ್ಲಿರಲಿಲ್ಲ. ಸ್ಕ್ಯಾನ್ ವರದಿ ತೆಗೆದುಕೊಂಡು ಆಂಕಾಲಜಿಸ್ಟ್ ಹತ್ತಿರ ಹೋಗಮ್ಮ ಎಂದು ಕೋಣೆ ನಂಬರ್ ಬರೆದುಕೊಟ್ಟೆ.