ಮುಚ್ಚಿದ ಸ್ಕೀ ಗುಡ್ಡಗಳು ಮತ್ತೆ ತೆರೆದದ್ದು ಹೇಗೆ

ಅಮೆರಿಕದಲ್ಲಿ 1982–83ರ ಚಳಿಗಾಲದಲ್ಲಿ, ಹಿಮದ ಇಳಿಜಾರಿನಲ್ಲಿ ಜಾರಾಡುವ 735 ಸ್ಕೀ ತಾಣಗಳಿದ್ದವು. ಈಗ ಉಳಿದಿರುವುದು ಸುಮಾರು 480. ಬರುವ ಜನ ಮಾತ್ರ ಕಡಿಮೆಯಾಗಿಲ್ಲ: 2022–23ರಲ್ಲಿ ಒಟ್ಟು ಭೇಟಿಗಳು 6.5 ಕೋಟಿ ದಾಟಿ ಹೊಸ ದಾಖಲೆ ಬರೆದವು. ಗುಡ್ಡಗಳು ಏಕೆ ಮುಚ್ಚಿದವು ಎಂದು ಕೇಳಿದರೆ ಒಬ್ಬರು ಹವಾಮಾನ ಬದಲಾವಣೆ ಎನ್ನುತ್ತಾರೆ, ಇನ್ನೊಬ್ಬರು ವಿಮೆಯ ಖರ್ಚು, ಮತ್ತೊಬ್ಬರು ದೊಡ್ಡ ಕಂಪನಿಗಳು ಇಡೀ ಚಳಿಗಾಲಕ್ಕೆ ಮಾರುವ ಅಗ್ಗದ ಪಾಸು. ಮೂರೂ ನಿಜ. ಆದರೆ ಒಂದೇ ಸೀಮೆಯಲ್ಲಿ, ಒಂದೇ ಹವೆಯಲ್ಲಿ ಒಂದು ಗುಡ್ಡ ಮುಚ್ಚಿ ಇನ್ನೊಂದು ಹೇಗೆ ಬದುಕಿತು ಎಂಬುದಕ್ಕೆ ಈ ಮೂರರಲ್ಲೂ ಉತ್ತರವಿಲ್ಲ. ಅದಕ್ಕೆ ಗುಡ್ಡ ನಡೆಸುವ ಕೆಲಸವನ್ನೇ ಹತ್ತಿರದಿಂದ ನೋಡಬೇಕು. ಕೈಗೆ ಬಂದ ಮೊದಲ ದುಡ್ಡು ಯಾವುದಕ್ಕೆ ಹೋಯಿತು ಎಂದು ಕೇಳಬೇಕು.

ಹಳೆಯ ಕತೆಯನ್ನು ಬೇಗ ಮುಗಿಸಬಹುದು. 1934ರಲ್ಲಿ ವರ್ಮಾಂಟ್‌ನ ವುಡ್‌ಸ್ಟಾಕ್‌ನಲ್ಲಿ ಹಳೆಯ ಫೋರ್ಡ್ ಕಾರಿನ ಎಂಜಿನ್‌ಗೆ ಹಗ್ಗ ಕಟ್ಟಿ ಜನರನ್ನು ಗುಡ್ಡ ಹತ್ತಿಸಿದರು. 1936ರಲ್ಲಿ ಐಡಹೋದ ಸನ್ ವ್ಯಾಲಿಯಲ್ಲಿ ಮೊದಲ ಚೇರ್‌ಲಿಫ್ಟ್ (ಉಕ್ಕಿನ ಹಗ್ಗಕ್ಕೆ ತೂಗುಬಿಟ್ಟ ಕುರ್ಚಿಗಳ ಸಾಲು) ಬಂತು. ಹಡಗಿಗೆ ಬಾಳೆಗೊನೆ ಏರಿಸುವ ಸಾಧನವನ್ನು ನೋಡಿದ್ದ ರೈಲ್ವೆ ಎಂಜಿನಿಯರ್ ಒಬ್ಬರು ಕೊಕ್ಕೆಯ ಜಾಗದಲ್ಲಿ ಕುರ್ಚಿ ಕೂರಿಸಿದ್ದರು. ಎರಡನೇ ಮಹಾಯುದ್ಧದ ನಂತರ ಹೊಲವಿದ್ದವರೂ ಹೋಟೆಲಿದ್ದವರೂ ಗುಡ್ಡ ತೆರೆದರು. 1970ರ ದಶಕದಲ್ಲಿ ಪೆಟ್ರೋಲ್ ಬಿಕ್ಕಟ್ಟು ಬಂತು, ಹಿಮವಿಲ್ಲದ ಚಳಿಗಾಲಗಳು ಬಂದವು. ವರ್ಮಾಂಟ್‌ನ ಸ್ಟ್ರಾಟನ್ ಗುಡ್ಡದಲ್ಲಿ ಬಿದ್ದು ಪಾರ್ಶ್ವವಾಯುವಿಗೆ ತುತ್ತಾದ ಹೊಸ ಕಲಿಕೆಗಾರರೊಬ್ಬರಿಗೆ ನ್ಯಾಯಾಲಯ 15 ಲಕ್ಷ ಡಾಲರ್ ಪರಿಹಾರ ಕೊಡಿಸಿತು. 1978ರಲ್ಲಿ ಮೇಲ್ಮನವಿಯಲ್ಲೂ ಆ ತೀರ್ಪು ನಿಂತಿತು. ವಿಮೆಯ ಕಂತು ಏರಿತು. ಒಂದು ಹಗ್ಗ, ಒಂದು ಎಂಜಿನ್ ನಂಬಿಕೊಂಡಿದ್ದ ಸಣ್ಣ ಗುಡ್ಡಗಳು ಒಂದೊಂದಾಗಿ ಬಾಗಿಲು ಹಾಕಿದವು.

ಆ ಹೊತ್ತಿಗೆ ಮೇನ್ ರಾಜ್ಯದ ಸಂಡೇ ರಿವರ್ ಕೂಡ ಅದೇ ಸಾಲಿನಲ್ಲಿ ನಿಂತಿತ್ತು. 1959ರಲ್ಲಿ ತೆರೆದ ಆ ಗುಡ್ಡವನ್ನು ಆಗ ವರ್ಮಾಂಟ್‌ನ ದೊಡ್ಡ ಸ್ಕೀ ಗುಡ್ಡ ಕಿಲ್ಲಿಂಗ್ಟನ್‌ನ ಮಾತೃಸಂಸ್ಥೆ ನಡೆಸುತ್ತಿತ್ತು. ಅಲ್ಲಿ ವ್ಯವಸ್ಥಾಪಕರಾಗಿದ್ದ ಲೆಸ್ ಆಟನ್ 1980ರಲ್ಲಿ ಅದನ್ನು 8.4 ಲಕ್ಷ ಡಾಲರ್‌ಗೆ ಕೊಂಡರು. ಮುಂದಿನ ಹತ್ತು ವರ್ಷ ಅವರು ಬೇರೆಲ್ಲಕ್ಕಿಂತ ಹೆಚ್ಚಾಗಿ ಹಿಂದೆ ಬಿದ್ದದ್ದು ಕೃತಕ ಹಿಮದ. ಆ ತಂತ್ರ ಹೊಸದಾಗಿರಲಿಲ್ಲ. 1950ರಲ್ಲೇ ಕನೆಕ್ಟಿಕಟ್‌ನ ಮೊಹಾಕ್ ಗುಡ್ಡದಲ್ಲಿ ಅದರ ಪ್ರಯೋಗ ನಡೆದಿತ್ತು. ಆದರೆ ಹೆಚ್ಚಿನ ಗುಡ್ಡಗಳು ಅದನ್ನು ಬರಗಾಲಕ್ಕೆ ಇಟ್ಟ ಉಪಾಯ ಎಂದು ಭಾವಿಸಿದ್ದವು. ಸಂಡೇ ರಿವರ್ ಅದನ್ನು ದಿನದ ಅಡುಗೆ ಮಾಡಿಕೊಂಡಿತು. ಬಾಸ್ಟನ್‌ನಿಂದ ಮೂರು ಗಂಟೆ ಕಾರು ಓಡಿಸಿ ಬರುವವನಿಗೆ ‘ಹಿಮ ಇದ್ದೇ ಇರುತ್ತದೆ’ ಎಂಬ ಭರವಸೆ ಬೇಕಿತ್ತು. ಹತ್ತಿರದ ಎತ್ತರದ ಗುಡ್ಡಗಳಿಗೆ ಕೊಡಲಾಗದ್ದನ್ನು ಇದು ಕೊಟ್ಟಿತು.

ಈ ಕೆಲಸದ ಲೆಕ್ಕ ಗೊತ್ತಾದರೆ ಮುಂದಿನದೆಲ್ಲ ಸುಲಭವಾಗಿ ತಿಳಿಯುತ್ತದೆ. ಒಂದು ಎಕರೆ ಇಳಿಜಾರಿಗೆ 30 ಸೆಂಟಿಮೀಟರ್ ದಪ್ಪದ ಕೃತಕ ಹಿಮ ಹಾಸಲು ಸುಮಾರು ಐದೂವರೆ ಲಕ್ಷ ಲೀಟರ್ ನೀರು ಬೇಕು; ಬೆಂಗಳೂರಿನ ಬೀದಿಗಳಲ್ಲಿ ಓಡುವ 12 ಸಾವಿರ ಲೀಟರಿನ ಟ್ಯಾಂಕರ್ ಆದರೆ 45ಕ್ಕೂ ಹೆಚ್ಚು. ಗಾಳಿಗೆ ಹಾರಿ ಕಾಡಿಗೆ ಹೋಗುವುದು, ಆವಿಯಾಗುವುದು ಸೇರಿಸಿದರೆ ಇನ್ನಷ್ಟು. ಐವತ್ತು ಎಕರೆಗೆ ಒಮ್ಮೆ ಹಾಸಲು ಪೌನೆ ಮೂರು ಕೋಟಿ ಲೀಟರ್. ಆ ನೀರನ್ನು ಮೇಲಕ್ಕೆ ತಳ್ಳಬೇಕು: ಸಾವಿರ ಲೀಟರನ್ನು 300 ಮೀಟರ್ ಏರಿಸಲು, ಪಂಪಿನ ನಷ್ಟ ಸೇರಿ, ಒಂದು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು ವಿದ್ಯುತ್ ಹೋಗುತ್ತದೆ. ನೀರನ್ನು ಒತ್ತಿದ ಗಾಳಿಯೊಂದಿಗೆ ಸಣ್ಣ ಹನಿಗಳಾಗಿ ಚಿಮ್ಮಿಸುವ ಹಳೆಯ ಬಗೆಯ ಹಿಮಗನ್ನುಗಳಲ್ಲಿ ಇದಕ್ಕಿಂತ ದೊಡ್ಡ ಖರ್ಚು ಒತ್ತಿದ ಗಾಳಿಯದು. ಸಾಲು ಸಾಲು ಡೀಸೆಲ್ ಕಂಪ್ರೆಸರ್‌ಗಳು ರಾತ್ರಿಯಿಡೀ ಓಡುತ್ತಿದ್ದವು. ಹೊಸ ಗನ್ನುಗಳು ಅದೇ ನೀರಿಗೆ ಗಾಳಿಯ ಸಣ್ಣದೊಂದು ಪಾಲನ್ನಷ್ಟೇ ಕೇಳುತ್ತವೆ. ಎತ್ತರದ ಕಂಬದ ತುದಿಯಿಂದ ಹನಿ ಬೀಳುವಷ್ಟರಲ್ಲಿ ಹೆಪ್ಪುಗಟ್ಟಲು ಹೆಚ್ಚು ಸಮಯ ಸಿಗುತ್ತದೆ.

ಉಷ್ಣಾಂಶ ನೋಡುವುದರಲ್ಲೇ ಅನೇಕರು ಎಡವುತ್ತಾರೆ. ಮಾಮೂಲಿ ಥರ್ಮಾಮೀಟರ್ ಇಲ್ಲಿ ಸಾಲದು. ತೇವಾಂಶವನ್ನೂ ಲೆಕ್ಕಕ್ಕೆ ಹಿಡಿಯುವ ವೆಟ್ ಬಲ್ಬ್ ಉಷ್ಣಾಂಶ ಮೈನಸ್ 2 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿರಬೇಕು. ಗಾಳಿ ಸೊನ್ನೆ ಡಿಗ್ರಿಯಲ್ಲಿದ್ದರೂ ತೇವಾಂಶ ಶೇ. 30 ಇದ್ದರೆ ಹಿಮ ಮಾಡಬಹುದು; ಮೈನಸ್ 1 ಇದ್ದು ತೇವಾಂಶ ಶೇ. 100 ಇದ್ದರೆ ಬೀಳುವುದು ಬರೀ ನೀರು. ನವೆಂಬರಿನಲ್ಲಿ ಸರಿಯಾದ ಹವೆ ಕೆಲವೊಮ್ಮೆ ಬೆಳಗಿನ ಜಾವ ಆರೇಳು ಗಂಟೆ ಮಾತ್ರ ಸಿಗುತ್ತದೆ. ಹೀಗಾಗಿ ಎಷ್ಟು ಗನ್ನುಗಳಿವೆ ಎಂಬುದಕ್ಕಿಂತ ನಿಮಿಷಕ್ಕೆ ಎಷ್ಟು ಲೀಟರ್ ಮೇಲೇರಿಸಬಲ್ಲಿರಿ ಎಂಬುದು ಮುಖ್ಯ. ಅದನ್ನು ತೀರ್ಮಾನಿಸುವುದು ಪಂಪು, ಪೈಪಿನ ಅಳತೆ ಮತ್ತು ಕೊಳ. ಹೊಸ ಮಾಲೀಕರು ಹೊಳೆಯುವ ಗನ್ನು ಕೊಂಡು ಹಳೆಯ ಸಣ್ಣ ಪೈಪಿಗೇ ಜೋಡಿಸಿದ ಉದಾಹರಣೆಗಳು ಬೇಕಾದಷ್ಟಿವೆ. ಅಲ್ಲಿ ಇಪ್ಪತ್ತನೇ ಗನ್ನು ತೆರೆದಾಗ ಮೇಲಿನ ಹತ್ತರಲ್ಲಿ ಒತ್ತಡ ಬೀಳುತ್ತದೆ.

ನೀರಿಗೂ ಮಿತಿಯಿದೆ. ಚಳಿಗಾಲದಲ್ಲಿ ಹೊಳೆಯ ಹರಿವು ಕನಿಷ್ಠ ಮಟ್ಟಕ್ಕೆ ಇಳಿದಾಗ ಪಂಪು ಮಾಡಿದರೆ ಮೀನಿನ ಮೊಟ್ಟೆಗಳು ಹೆಪ್ಪುಗಟ್ಟುತ್ತವೆ. ವರ್ಮಾಂಟ್ ರಾಜ್ಯ ಫೆಬ್ರುವರಿ ತಿಂಗಳ ಮಧ್ಯಮ ಮಟ್ಟದ (ಮೀಡಿಯನ್) ಹರಿವನ್ನು ಗಡಿಯಾಗಿ ಇಟ್ಟಿತು. ಅಲ್ಲಿಂದಾಚೆಗೆ ಚಳಿಗಾಲಕ್ಕೆ ಮೊದಲೇ ತುಂಬಿಸಿಟ್ಟ ಕೊಳ ಇಲ್ಲದ ಗುಡ್ಡಕ್ಕೆ ಗನ್ನು ಇದ್ದೂ ಪ್ರಯೋಜನವಿಲ್ಲ. ಕೊಳ ತೋಡಲು ಪರವಾನಗಿಗೇ ವರ್ಷಗಳು ಹಿಡಿಯಬಹುದು, ಅದರ ಫೋಟೋ ಜಾಹೀರಾತಿಗೂ ಬರುವುದಿಲ್ಲ. ಬಹುಶಃ ಅದಕ್ಕೇ ಮುಂದಕ್ಕೆ ಹಾಕುವವರು ಹೆಚ್ಚು.

ದಿನದ ಕೆಲಸದಲ್ಲಿ ಕೆಡುವುದು ಸಣ್ಣ ವಿಷಯಗಳು. ಪಂಪು ನಿಲ್ಲಿಸಿದ ಕೂಡಲೇ ಪೈಪಿನ ನೀರು ಪೂರ್ತಿ ಬಸಿದು ಹೋಗಬೇಕು. ತಗ್ಗಿನಲ್ಲಿ ಒಂದಿಷ್ಟು ನಿಂತರೂ ಹೆಪ್ಪುಗಟ್ಟಿ ಪೈಪು ಸೀಳುತ್ತದೆ. ಹೊಸದಾಗಿ ಬಿದ್ದ ಹಿಮದ ದಿಬ್ಬವನ್ನು ಒಂದು ಹಗಲು, ಒಂದು ರಾತ್ರಿಯಾದರೂ ಹಾಗೇ ಬಿಡಬೇಕು; ಒಳಗಿನ ನೀರು ಇಳಿದ ಮೇಲೆ ಹಿಮವನ್ನು ಉತ್ತು ಸಮ ಮಾಡುವ ಟಿಲ್ಲರ್ ಯಂತ್ರ ಹಾಯಿಸಬೇಕು. ವಾರಾಂತ್ಯದ ಅವಸರಕ್ಕೆ ಬೇಗ ಹಾಯಿಸಿದರೆ ಇಡೀ ಇಳಿಜಾರು ಗಾಜಿನಂತಹ ಮಂಜುಗಡ್ಡೆಯಾಗುತ್ತದೆ. ಈಗ ಯಂತ್ರದ ಜಿಪಿಎಸ್, ಬೇಸಿಗೆಯಲ್ಲಿ ಅಳೆದಿಟ್ಟ ನೆಲದ ಮಟ್ಟದೊಂದಿಗೆ ಹೋಲಿಸಿ, ಎಲ್ಲಿ ಎಷ್ಟು ದಪ್ಪ ಹಿಮವಿದೆ ಎಂದು ಚಾಲಕನಿಗೆ ತೋರಿಸುತ್ತದೆ. ಮೊದಲು ಅಂದಾಜಿನ ಮೇಲೆ ಎರಡು ಮೀಟರ್ ಪೇರಿಸುತ್ತಿದ್ದ ಕಡೆ ಈಗ ಬೇಕಾದಷ್ಟೇ ಹಾಕಿ ಉಳಿದ ನೀರನ್ನು ಬೇರೆ ಇಳಿಜಾರಿಗೆ ಕೊಡುತ್ತಾರೆ.

ಇದನ್ನೆಲ್ಲ ಮಾಡಿ ಗೆದ್ದ ಸಂಡೇ ರಿವರ್‌ನ ಮುಂದಿನ ಕತೆಯನ್ನೂ ಹೇಳಬೇಕು. 1996ರಲ್ಲಿ ಆಟನ್ ಕಿಲ್ಲಿಂಗ್ಟನ್‌ನ ಕಂಪನಿಯನ್ನೇ ಕೊಂಡರು, ಅಮೆರಿಕನ್ ಸ್ಕೀಯಿಂಗ್ ಕಂಪನಿ ಹುಟ್ಟಿತು. 1997ರಲ್ಲಿ ಷೇರುಪೇಟೆಗೆ ಹೋಯಿತು. ಸ್ಟೀಮ್‌ಬೋಟ್, ಹೆವೆನ್ಲಿಯಂತಹ ಪಶ್ಚಿಮದ ದೊಡ್ಡ ಗುಡ್ಡಗಳೂ ಸೇರಿದವು. ಸಾಲದ ದುಡ್ಡಿನಲ್ಲಿ ಗುಡ್ಡದ ಬುಡದಲ್ಲಿ ಹೋಟೆಲ್ಲುಗಳನ್ನು ಕಟ್ಟಿ, ಕೋಣೆಗಳನ್ನು ಪಾಲು ಮಾಡಿ ಮಾರುವ ಯೋಜನೆ ಅದರದು. ಕೋಣೆಗಳು ಅಂದುಕೊಂಡಷ್ಟು ವೇಗವಾಗಿ ಮಾರಾಟವಾಗಲಿಲ್ಲ, ಬಡ್ಡಿ ನಿಲ್ಲಲಿಲ್ಲ. 2007ರ ಹೊತ್ತಿಗೆ ಬಹುತೇಕ ಎಲ್ಲ ಗುಡ್ಡಗಳೂ ಬೇರೆ ಬೇರೆಯವರ ಪಾಲಾದವು. ಹಿಮ ಮಾಡುವ ವಿದ್ಯೆ ಆಗಲೂ ಸರಿಯಾಗೇ ಇತ್ತು. ಗುಡ್ಡದ ಗಳಿಕೆಯಿಂದ ಕಟ್ಟಡದ ಸಾಲ ತೀರಿಸಲು ಹೊರಟಾಗ ಲೆಕ್ಕ ತಪ್ಪಿತು. ಇಂದಿಗೂ ಸಂಡೇ ರಿವರ್‌ನಲ್ಲಿ ಸ್ಕೀ ಮಾಡುವವರು 1980ರ ದಶಕದಲ್ಲಿ ಹೂತ ಆ ಅಡಿಪಾಯದ ಮೇಲೆಯೇ ಇಳಿಯುತ್ತಾರೆ.

ಎರಡನೆಯ ಖರ್ಚು ಲಿಫ್ಟಿನದು. ಚೇರ್‌ಲಿಫ್ಟಿನ ಉಕ್ಕಿನ ಹಗ್ಗ ವರ್ಷ ಕಳೆದಂತೆ ಉದ್ದವಾಗುತ್ತದೆ. ಬಿಗಿ ಮಾಡುವ ವ್ಯವಸ್ಥೆಯ ಅವಕಾಶ ಮುಗಿದಾಗ ತುಂಡರಿಸಿ ಮತ್ತೆ ಹೆಣೆಯಬೇಕು. ಹೆಣಿಗೆ ಹಗ್ಗದ ವ್ಯಾಸದ 1,200 ಪಟ್ಟು ಉದ್ದವಿರಬೇಕು, ಅಂದರೆ 40 ಮಿಲಿಮೀಟರ್ ಹಗ್ಗಕ್ಕೆ 48 ಮೀಟರ್. ಕುರ್ಚಿ ಹಿಡಿದ ಗ್ರಿಪ್ ಒಂದೇ ಕಡೆ ಇದ್ದರೆ ಅಲ್ಲಿ ತಂತಿಗಳು ದಣಿದು ಮುರಿಯುತ್ತವೆ, ಆದ್ದರಿಂದ ಗ್ರಿಪ್‌ಗಳನ್ನು ಆಗಾಗ ಸರಿಸಬೇಕು. ಕಂಬದ ಮೇಲಿನ ಗಾಲಿಗಳ ರಬ್ಬರ್ ಸವೆಯುತ್ತದೆ. ಏಳು ವರ್ಷಕ್ಕೊಮ್ಮೆಯಾದರೂ ಪೂರ್ತಿ ಭಾರ ಹೇರಿ ಬ್ರೇಕ್ ಪರೀಕ್ಷಿಸಬೇಕು. ಇವುಗಳಲ್ಲಿ ಯಾವುದನ್ನು ಒಂದು ವರ್ಷ ಮುಂದೂಡಿದರೂ ಪ್ರಯಾಣಿಕನಿಗೆ ಕಾಣುವುದಿಲ್ಲ. ಹತ್ತು ವರ್ಷ ಮುಂದೂಡಿದರೆ ಲಿಫ್ಟನ್ನೇ ಬದಲಿಸಬೇಕಾಗುತ್ತದೆ. ರಿಬ್ಲೆಟ್‌ನಂತಹ ಹಳೆಯ ತಯಾರಕರು ಮುಚ್ಚಿಹೋಗಿರುವುದರಿಂದ ಬಿಡಿಭಾಗ ಸಿಗುವುದೂ ಕಷ್ಟ.

ಮೇನ್‌ನ ಸ್ಯಾಡಲ್‌ಬ್ಯಾಕ್ ಗುಡ್ಡ ಮುಚ್ಚಿದ್ದು ಇದೇ ಕಾರಣಕ್ಕೆ. 1963ರಲ್ಲಿ ಹಾಕಿದ ಇಬ್ಬರು ಕೂರುವ ರೇಂಜ್ಲಿ ಲಿಫ್ಟೇ ಇಡೀ ಗುಡ್ಡದ ಬೆನ್ನೆಲುಬಾಗಿತ್ತು. 2015ರ ಬೇಸಿಗೆಯಲ್ಲಿ ಮಾಲೀಕರು, ಹೊಸ ಲಿಫ್ಟಿಗೆ 30 ಲಕ್ಷ ಡಾಲರ್ ಹೊಂದಿಕೆಯಾಗದಿದ್ದರೆ ತೆರೆಯುವುದಿಲ್ಲ ಎಂದರು, ದುಡ್ಡು ಹೊಂದಿಕೆಯಾಗಲಿಲ್ಲ. ಕೊಳ್ಳುತ್ತೇವೆಂದು ಬಂದವರ ಮಾತು 2017ರಲ್ಲಿ ದೊಡ್ಡ ಸುದ್ದಿಯಾಗಿ ನಡುವೆಯೇ ಮುರಿಯಿತು. ಐದು ಚಳಿಗಾಲ ಗುಡ್ಡ ಮುಚ್ಚಿತ್ತು, ರೇಂಜ್ಲಿ ಊರಿನ ಹೋಟೆಲು, ಅಂಗಡಿಗಳು ಸೊರಗಿದವು. 2020ರ ಜನವರಿಯಲ್ಲಿ ಬಾಸ್ಟನ್‌ನ ಆರ್ಕ್ಟಾರಿಸ್ ನಿಧಿ 65 ಲಕ್ಷ ಡಾಲರ್‌ಗೆ ಅದನ್ನು ಕೊಂಡಿತು. ಹಿಂದುಳಿದ ಪ್ರದೇಶದ ಹೂಡಿಕೆಗೆ ಸಿಗುವ ತೆರಿಗೆ ರಿಯಾಯಿತಿ, ಸಾಲ, ದೇಣಿಗೆ ಎಲ್ಲ ಸೇರಿಸಿ, ಮೊದಲ ಬೇಸಿಗೆಯಲ್ಲೇ ಹಳೆಯ ಲಿಫ್ಟನ್ನು ಕಿತ್ತು ನಾಲ್ವರು ಕೂರುವ ವೇಗದ ಲಿಫ್ಟ್ ನಿಲ್ಲಿಸಿದರು, ಹಿಮಗನ್ನುಗಳೂ ಬದಲಾದವು. ಕೋವಿಡ್ ನಡುವೆಯೇ 2020ರ ಡಿಸೆಂಬರ್ 15ರಂದು ಗುಡ್ಡ ತೆರೆಯಿತು. ಮನೆಗಳನ್ನು ಕಟ್ಟಿ ಮಾರಿದ ಲಾಭದಲ್ಲಿ ಲಿಫ್ಟ್ ಹಾಕೋಣ ಎಂದು ಕಾಯದೆ ಲಿಫ್ಟನ್ನು ಮೊದಲು ಹಾಕಿದ್ದು ಈ ಪುನರಾರಂಭದ ಗಟ್ಟಿ ನಿರ್ಧಾರ.

ಇನ್ನು ದುಡ್ಡು ಬರುವ ಸಮಯ. ಸಿಬ್ಬಂದಿ ಸಂಬಳ, ವಿದ್ಯುತ್ ಬಿಲ್ಲು, ವಿಮೆ ಎಲ್ಲ ಅಕ್ಟೋಬರ್‌ನಿಂದಲೇ ಶುರು. ಟಿಕೆಟ್ ದುಡ್ಡು ಬರುವುದು ಡಿಸೆಂಬರ್ ಕೊನೆಗೆ. ಕ್ರಿಸ್‌ಮಸ್ ವಾರದಲ್ಲಿ ಮಳೆ ಬಂದರೆ ವರ್ಷವೇ ಹೋಯಿತು. ಐಡಹೋದ ಬಾಯ್ಸಿ ನಗರದ ಪಕ್ಕದ ಬೋಗಸ್ ಬೇಸಿನ್ ಲಾಭರಹಿತ ಸಂಸ್ಥೆ ನಡೆಸುವ ಗುಡ್ಡ. ಅಲ್ಲಿ 1998ರಲ್ಲಿ, ಮೈಕ್ ಶರ್ಲಿ ವ್ಯವಸ್ಥಾಪಕರಾಗಿದ್ದಾಗ, ಸುಮಾರು 500 ಡಾಲರ್ ಇದ್ದ ಸೀಸನ್ ಪಾಸನ್ನು ಹಿಮ ಬೀಳುವ ಮೊದಲೇ 199ಕ್ಕೆ ಮಾರಿದರು. ಮೂರು ಸಾವಿರದೊಳಗೆ ಹೋಗುತ್ತಿದ್ದ ಪಾಸು ಸುಮಾರು 25 ಸಾವಿರ ಹೋಯಿತು. ಹಿಮ ಬರಲಿ ಬಿಡಲಿ, ದುಡ್ಡು ಬ್ಯಾಂಕಿನಲ್ಲಿ. 2008ರಲ್ಲಿ ಕೊಲರಾಡೋದ ದೊಡ್ಡ ಸ್ಕೀ ಕಂಪನಿ ವೇಲ್ 579 ಡಾಲರ್‌ಗೆ ತಂದ ಎಪಿಕ್ ಪಾಸ್, 2016ರಲ್ಲಿ ಸ್ವಿಟ್ಜರ್ಲೆಂಡಿನ ಸಾಸ್-ಫೀ ಮಾರಿದ 222 ಫ್ರಾಂಕಿನ ಪಾಸ್ ಎಲ್ಲವೂ ನಡೆದದ್ದು ಇದೇ ದಾರಿಯಲ್ಲಿ. ಆದರೆ ಮುಂಗಡ ದುಡ್ಡು ಇನ್ನೂ ಕೊಡದ ಸೇವೆಯ ಋಣ. ಅದರಲ್ಲಿ ಹೋದ ವರ್ಷದ ಸಾಲ ತೀರಿಸಿದವರು ಮರುವರ್ಷ ಇನ್ನೂ ಅಗ್ಗಕ್ಕೆ ಮಾರಬೇಕಾಯಿತು. ಬೋಗಸ್ ಬೇಸಿನ್ ಕೂಡ ಪಾಸೊಂದನ್ನೇ ನಂಬಿ ಉಳಿಯಲಿಲ್ಲ. 2011–12ರಲ್ಲಿ ಹಿಮವಿಲ್ಲದೆ ಜನವರಿ ಅರ್ಧ ಕಳೆದ ಮೇಲೆ ತೆರೆಯಬೇಕಾಯಿತು. ಕೊನೆಗೆ ಬೇಸಿಗೆಯ ಆದಾಯಕ್ಕೆ ಬೆಟ್ಟದ ಕೋಸ್ಟರ್ (ಹಳಿಯ ಮೇಲೆ ಜಾರುವ ಆಟದ ಬಂಡಿ), ನಂತರ 2018ರಲ್ಲಿ ಹಿಮಗನ್ನು, ಪೈಪು ಹಾಕಿ ಉಸಿರಾಡಿತು.

ಇದಕ್ಕೆಲ್ಲ ಹೊರತಾಗಿ ನಿಂತದ್ದು ವರ್ಮಾಂಟ್‌ನ ಮ್ಯಾಡ್ ರಿವರ್ ಗ್ಲೆನ್. 1995ರಲ್ಲಿ ಮಾಲಕಿ ಬೆಟ್ಸಿ ಪ್ರಾಟ್ ಅದನ್ನು ಸ್ಕೀ ಮಾಡುವವರ ಸಹಕಾರ ಸಂಘಕ್ಕೇ ಮಾರಿದರು. ಷೇರುದಾರ ಪ್ರತಿವರ್ಷ 200 ಡಾಲರ್‌ನಷ್ಟು ಸರಕನ್ನೋ ಟಿಕೆಟನ್ನೋ ಮುಂಗಡವಾಗಿ ಕೊಳ್ಳಬೇಕೆಂಬ ನಿಯಮವಿದೆ. ಬೋಗಸ್‌ನ ಪಾಸು ಮಾಡಿದ ಕೆಲಸವನ್ನೇ ಇದು ಸಣ್ಣ ಮಟ್ಟದಲ್ಲಿ ಮಾಡುತ್ತದೆ. 1948ರ ಒಬ್ಬರೇ ಕೂರುವ ಲಿಫ್ಟ್ ಸವೆದಾಗ ಇಬ್ಬರು ಕೂರುವುದನ್ನು ಹಾಕಬಹುದಿತ್ತು. ಸದಸ್ಯರು ಒಂಟಿ ಕುರ್ಚಿಗೇ ಮತ ಹಾಕಿದರು. 2007ರಲ್ಲಿ ಸುಮಾರು 17 ಲಕ್ಷ ಡಾಲರ್ ಖರ್ಚಿನಲ್ಲಿ ಕಂಬಗಳನ್ನು ಇಳಿಸಿ, ತುಕ್ಕು ಉಜ್ಜಿ, ಬಣ್ಣ ಬಳಿದು, ಹೊಸ ಹಗ್ಗ, ಹೊಸ ಕುರ್ಚಿಗಳೊಂದಿಗೆ ಮತ್ತೆ ನಿಲ್ಲಿಸಿದರು. ಹಳೆಯದರ ಮೇಲಿನ ಮೋಹ ಒಂದೇ ಇದಕ್ಕೆ ಕಾರಣವೆಂದರೆ ತಪ್ಪಾಗುತ್ತದೆ. ಆ ಗುಡ್ಡ ಹೆಚ್ಚಾಗಿ ಬಿದ್ದ ಹಿಮವನ್ನೇ ನಂಬಿದೆ. ಗಂಟೆಗೆ ಎರಡರಷ್ಟು ಜನ ಮೇಲೇರಿದರೆ ಮಧ್ಯಾಹ್ನದೊಳಗೆ ಹಿಮ ಸವೆದು ಕಲ್ಲು ಕಾಣುತ್ತದೆ.

2024ರಲ್ಲಿ ಕಿಲ್ಲಿಂಗ್ಟನ್ ಕೂಡ ದೊಡ್ಡ ಕಂಪನಿಯೊಂದರ ಕೈಯಿಂದ ಸ್ಥಳೀಯ ಪಾಸ್‌ದಾರರ ಗುಂಪಿನ ಕೈಗೆ ಬಂತು. ಅವರ ಮೊದಲ ಯೋಜನೆಯಲ್ಲಿದ್ದದ್ದು ಸಾವಿರದಷ್ಟು ಕಡಿಮೆ ವಿದ್ಯುತ್ತಿನ ಹಿಮಗನ್ನುಗಳು ಮತ್ತು ಸೂಪರ್‌ಸ್ಟಾರ್ ಇಳಿಜಾರಿಗೆ ಹೊಸ ಲಿಫ್ಟ್. ಅದೇ ಇಳಿಜಾರಿನಲ್ಲಿ 2016ರಿಂದ ಮಹಿಳೆಯರ ವಿಶ್ವಕಪ್ ಸ್ಕೀ ಓಟ ನಡೆಯುತ್ತಿತ್ತು, ಗುಡ್ಡಕ್ಕೆ ಅದಕ್ಕಿಂತ ದೊಡ್ಡ ಪ್ರಚಾರ ಇನ್ನೊಂದಿರಲಿಲ್ಲ. ಲಿಫ್ಟಿನ ಕೆಲಸಕ್ಕಾಗಿ 2025ರ ಓಟವನ್ನು ಅವರು ಕೊಲರಾಡೋದ ಕಾಪರ್ ಮೌಂಟನ್‌ಗೆ ಬಿಟ್ಟುಕೊಟ್ಟರು.