ಜೊತೆಗೂಡಿದರೆ ನಮ್ಮ ಗುಟ್ಟು ಬೇರೆಯವರ ಪಾಲಾಗುವುದಿಲ್ಲವೇ?

ಪ್ರಶ್ನೆ: ಹುಬ್ಬಳ್ಳಿಯ ತಾರಿಹಾಳದಲ್ಲಿ ನಮ್ಮದೊಂದು ಸಣ್ಣ ಘಟಕವಿದೆ. ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಯಂತ್ರ ಮಾಡುತ್ತಿದ್ದೇವೆ. ಕಾಲೇಜಿನವರನ್ನು, ವರ್ತಕರನ್ನು ಸೇರಿಸಿಕೊಳ್ಳಿ ಎಂದು ಹಿತೈಷಿಗಳು ಹೇಳುತ್ತಾರೆ. ನಮ್ಮ ಗುಟ್ಟು ಕೈತಪ್ಪುವುದಿಲ್ಲವೇ?

ಉತ್ತರ: ನಿಮ್ಮ ಭಯ ಸುಳ್ಳಲ್ಲ, ಅದಕ್ಕೆ ಮದ್ದೂ ಇದೆ. ಆದರೆ ಮೊದಲು ಕಾಯಿಯನ್ನೇ ಕೈಗೆತ್ತಿಕೊಳ್ಳೋಣ.

ಬ್ಯಾಡಗಿಯಲ್ಲಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಪಕ್ಕ ಅರ್ಧ ದಿನ ಕುಳಿತು ನೋಡಿ. ಹೆಬ್ಬೆರಳು ತೊಟ್ಟಿನ ಬುಡಕ್ಕೆ ಹೋಗುತ್ತದೆ, ಒಂದು ಸಣ್ಣ ತಿರುವು, ತೊಟ್ಟು ಬೇರೆ, ಕಾಯಿ ಬೇರೆ. ಕಾಯಿ ಒಡೆಯುವುದಿಲ್ಲ, ಬೀಜ ಚೆಲ್ಲುವುದಿಲ್ಲ. ಗರಿಗರಿ ಒಣಗಿದ ಕಾಯಿಗೆ ಬೆರಳು ಹಗುರ, ಮೆತ್ತಗಿನ ಕಾಯಿಗೆ ಬಿಗಿ. ಕಡ್ಡಿ ತಳಿ ಉದ್ದ, ಸಪೂರ, ಮೈತುಂಬ ಸುಕ್ಕು; ಡಬ್ಬಿ ಗಿಡ್ಡ, ದಪ್ಪ. ಎರಡಕ್ಕೂ ಒಂದೇ ಹಿಡಿತ ಒಗ್ಗದು. ಇಷ್ಟೆಲ್ಲ ಆ ಬೆರಳುಗಳಿಗೆ ಗೊತ್ತು; ನಿಮ್ಮ ಲೇತ್ ಯಂತ್ರಕ್ಕೆ ಗೊತ್ತಿಲ್ಲ.

ವರ್ತಕರು ಬಲ್ಲದ್ದು ಇನ್ನೊಂದು. ಬ್ಯಾಡಗಿ ಕಾಯಿಗೆ ಬೆಲೆ ತರುವುದು ಖಾರಕ್ಕಿಂತ ಬಣ್ಣ. ಅದರಿಂದ ತೆಗೆಯುವ ಓಲಿಯೋರೆಸಿನ್ ಎಂಬ ಗಟ್ಟಿ ಬಣ್ಣದ ಸಾರ ಆಹಾರಕ್ಕೆ ಮಾತ್ರವಲ್ಲ, ಲಿಪ್‌ಸ್ಟಿಕ್, ಉಗುರುಬಣ್ಣಕ್ಕೂ ಹೋಗುತ್ತದೆ. ಶಾಖಕ್ಕೆ, ಬೆಳಕಿಗೆ ಬಣ್ಣ ಮಾಸುವುದರಿಂದಲೇ ಕಾಯಿಯನ್ನು ಶೀತಲಗೃಹದಲ್ಲಿ ಇಡುತ್ತಾರೆ. ನಿಮ್ಮ ಯಂತ್ರ ತೊಟ್ಟನ್ನು ಅಚ್ಚುಕಟ್ಟಾಗಿ ಕಿತ್ತು, ಜೊತೆಗೆ ಕಾಯಿಯನ್ನು ಉಜ್ಜಿ ಬಿಸಿ ಮಾಡಿದರೆ ಅದನ್ನು ಕೊಳ್ಳುವವರು ಯಾರು? ಬಣ್ಣ ಎಷ್ಟು ಇಳಿಯಿತು ಎಂದು ಕಣ್ಣಂದಾಜಿನಲ್ಲಿ ಹೇಳಲಾಗದು, ಪ್ರಯೋಗಾಲಯ ಬೇಕು. ಧಾರವಾಡದಲ್ಲಿ 1986ರಿಂದ ಕೃಷಿ ವಿಶ್ವವಿದ್ಯಾಲಯವಿದೆ, 2016ರಿಂದ ಐಐಟಿಯೂ ಇದೆ. ವರ್ಷಕ್ಕೆ ನಾಲ್ಕು ಸಲ ಬೇಕಾಗುವ ಉಪಕರಣವನ್ನು ಸಾಲ ಮಾಡಿ ಕೊಳ್ಳುವುದಕ್ಕಿಂತ ಇಂಥ ಕಡೆ ಬಾಗಿಲು ತಟ್ಟುವುದು ಜಾಣತನ. ಒಬ್ಬರೇ ಕೂತು ಮಾಡಿದ ಯಂತ್ರ ಸೋಲುವುದು ಹೆಚ್ಚಾಗಿ ಕಬ್ಬಿಣದ ಕೆಲಸದಲ್ಲಲ್ಲ, ಕೇಳದೆ ಬಿಟ್ಟ ಪ್ರಶ್ನೆಯಲ್ಲಿ ಎಂಬುದು ನನ್ನ ದೃಢ ಅಭಿಪ್ರಾಯ.

ಈಗ ಗುಟ್ಟಿನ ಮಾತು. ಗೋಪ್ಯತೆಯ ಒಪ್ಪಂದಕ್ಕೆ ಸಹಿ ಬಿದ್ದ ಮೇಲೆಯೇ ನಕ್ಷೆ ಬಿಚ್ಚಿ. ಪೇಟೆಂಟ್ ಪಡೆಯುವ ಮನಸ್ಸಿದ್ದರೆ, ಯಂತ್ರವನ್ನು ಧಾರವಾಡದ ಕೃಷಿ ಮೇಳಕ್ಕೆ ಒಯ್ಯುವ ಮುನ್ನವೇ ಅರ್ಜಿ ಹಾಕಿ. ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಮೊದಲೇ ಬಹಿರಂಗವಾದದ್ದನ್ನು ಕಾನೂನು ಹೊಸದೆಂದು ಒಪ್ಪುವುದಿಲ್ಲ. ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಸಲ್ಲಿಸಿದರೆ ಪೂರ್ಣ ವಿವರ ಕೊಡಲು 12 ತಿಂಗಳ ಕಾಲಾವಕಾಶವಿದೆ.

ಹೆಚ್ಚಿನವರು ಎಡವುವುದು ಜಂಟಿ ಪೇಟೆಂಟಿನಲ್ಲಿ. ಬೇರೆ ಕರಾರು ಇಲ್ಲದಿದ್ದರೆ ನಮ್ಮ ಕಾಯ್ದೆಯ ಪ್ರಕಾರ ಒಡೆಯರೆಲ್ಲರಿಗೂ ಸಮಪಾಲು. ಪ್ರತಿಯೊಬ್ಬರೂ ಯಂತ್ರ ಮಾಡಿ ಮಾರಬಹುದು, ಲಾಭದ ಲೆಕ್ಕವನ್ನು ಇನ್ನೊಬ್ಬರಿಗೆ ಒಪ್ಪಿಸಬೇಕಾಗಿಲ್ಲ. ಆದರೆ ಹೊರಗಿನವರಿಗೆ ಪರವಾನಗಿ ಕೊಡಲು ಉಳಿದವರ ಒಪ್ಪಿಗೆ ಬೇಕೇ ಬೇಕು. ಹಣ ಹಾಕಿದವರು ನೀವೇ ಆಗಿದ್ದರೂ ಕಾಗದದಲ್ಲಿ ಬರೆಯದಿದ್ದರೆ ಇದೇ ನಿಯಮ. ಆದ್ದರಿಂದ ಯಾರ ಪಾಲು ಎಷ್ಟು, ಮಾರುವ ಹಕ್ಕು ಯಾರದು, ಬಿಟ್ಟು ಹೋಗುವವರು ಏನನ್ನು ಒಯ್ಯಬಹುದು ಎಂಬುದನ್ನು ಮೊದಲ ತಿಂಗಳೇ ಬರೆದುಕೊಳ್ಳಿ.

‘ಪರಿಚಯದವರ ನಡುವೆ ಕಾಗದ ಯಾಕೆ’ ಎಂದು ಯಾರಾದರೂ ಮುಖ ಗಂಟಿಕ್ಕಿದರೆ ಗದಗಿನ ಕಣಗಿನಹಾಳವನ್ನು ನೆನಪಿಸಿ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಸಹಕಾರಿ ಸಂಘ ಕಟ್ಟಿದಾಗ ಸೇರಿದವರು ಊರಿನವರೇ. ಆದರೂ ಅದು 1904ರ ಕಾಯ್ದೆಯಡಿ ನೋಂದಣಿಯಾದ ಸಂಘ.

ಮೊದಲ ಹಂಗಾಮಿಗೆ ಕೆಲವೇ ಚೀಲ ಕಾಯಿ ಸಾಕು. ಒಡೆದು ಹಾಳಾಗುವ ಕಾಯಿಯ ಬೆಲೆ ಯಾರ ತಲೆಗೆ ಎಂಬುದು ಮೊದಲೇ ತೀರ್ಮಾನವಾಗಿರಲಿ. ಬೆರಳಿನ ಹಿಡಿತ ತೋರಿಸಿಕೊಡುವ ಹೆಣ್ಣುಮಕ್ಕಳಿಗೆ ಆ ದಿನಗಳ ಪೂರ್ತಿ ಕೂಲಿ ಕೊಡಿ. ಯಂತ್ರ ಬಂದರೆ ಮೊದಲು ಅಲುಗಾಡುವುದು ಅವರ ದಿನಗೂಲಿ. ಅದನ್ನು ನಡೆಸುವ ತರಬೇತಿಯೂ ಕೆಲಸವೂ ಮೊದಲು ಅವರಿಗೇ ಎಂಬ ಒಂದು ಸಾಲನ್ನು ಅದೇ ಕರಾರಿನಲ್ಲಿ ಸೇರಿಸಿ.