ಕಿವಿ ಚುಚ್ಚಿಸಿಕೊಳ್ಳುವ ದೊರೆ

ನೈಜೀರಿಯಾದ ಇಡಾ ಪಟ್ಟಣದಲ್ಲಿ ಹೊಸ ದೊರೆಗೆ ಪಟ್ಟ ಕಟ್ಟುವಾಗ ಅವನ ಎರಡೂ ಕಿವಿ ಚುಚ್ಚುತ್ತಾರೆ. ಓಲೆಯ ಆಸೆಗಲ್ಲ. ಆ ಹೊತ್ತಿಗೆ ದೊರೆ ಹೆಣ್ಣಾಗಬೇಕು, ಅದಕ್ಕೆ.

ಲೊಕೋಜಾದಲ್ಲಿ ಬೆನುವೆ ನದಿ ಬಂದು ನೈಜರನ್ನು ಕೂಡುತ್ತದೆ. ಅಲ್ಲಿಂದ ಹೊಳೆಗುಂಟ ಕೆಳಗಿಳಿದರೆ ಎಡಗಡೆ, ಅಂದರೆ ಪೂರ್ವದ ದಂಡೆಯಲ್ಲಿ ಇಡಾ ಸಿಗುತ್ತದೆ. ಈಗಿನ ಕೋಗಿ ರಾಜ್ಯಕ್ಕೆ ಸೇರಿದ ಈ ಸೀಮೆ ಇಗಾಲಾ ಜನರದು. ಅವರ ದೊರೆಯನ್ನು ‘ಅಟಾ’ ಎಂದು ಕರೆಯುತ್ತಾರೆ. ಅಟಾ ಎಂದರೆ ಅಪ್ಪ. ನಾಡಿಗೆಲ್ಲ ಅಪ್ಪನಾದವನು ಹೆಣ್ಣಿನ ಗುರುತನ್ನು ಮೈಮೇಲೆ ಹೊರುವುದೇಕೆ?

ಅದಕ್ಕೊಂದು ಕಥೆ ಇದೆ. ಪೂರ್ವದ ಜುಕುನ್ ಸೀಮೆಯಿಂದ ಅಬುಟು ಎಜೆ ಎಂಬ ಅರಸುಮಗ ಬಂದನಂತೆ. ‘ಎಜೆ’ ಎಂದರೆ ಚಿರತೆ. ಅವನು ಚಿರತೆಗೇ ಹುಟ್ಟಿದವನು ಎನ್ನುವವರೂ ಇದ್ದಾರೆ. ಅವನ ಮಗಳು ಎಬುಲೆಜೊನು ಪಟ್ಟವೇರಿದಳು. ಹೆಸರಿನ ಅರ್ಥವೇ ‘ಹೆಣ್ಣು ದೊರೆಯಾದಳು’ ಎಂದು. ಅವಳು ಇಗ್ಬೋ ಜನಾಂಗದ ಒಬ್ಬ ಬೇಟೆಗಾರನನ್ನು ಮದುವೆಯಾದಳು. ಅವನೇ ಮೊದಲ ‘ಅಚಾಡು’, ಅಂದರೆ ರಾಜ್ಯದ ಪ್ರಧಾನಿ. ಇಂದಿಗೂ ಅಚಾಡುವಿಗೆ ‘ಅಟಾನ ಗಂಡ’ ಎಂಬ ಬಿರುದಿದೆ. ಪಟ್ಟಕ್ಕೆ ಬಂದ ಗಂಡಸು ಆಚಾರದ ಮಟ್ಟಿಗೆ ಎಬುಲೆಜೊನುವೇ ಆಗಿ ಕಿವಿ ಒಡ್ಡುತ್ತಾನೆ.

ಇದನ್ನು ವಿಚಿತ್ರ ಪದ್ಧತಿಯೆಂದು ನಕ್ಕು ಮುಂದೆ ಹೋಗಬಹುದು. ನನಗಂತೂ ಇದು ಒಂದು ಕರಾರುಪತ್ರದಂತೆ ಕಾಣುತ್ತದೆ. ಅಚಾಡುವಿನ ಹಿಂದೆ ‘ಇಗಾಲಾ ಮೇಲಾ’ ಇದ್ದಾರೆ. ‘ಮೇಲಾ’ ಎಂದರೆ ಒಂಬತ್ತು. ನೆಲದ ಮೂಲ ಒಡೆಯರೆನಿಸಿದ ಒಂಬತ್ತು ಬಳಿಗಳ, ಅಂದರೆ ಕುಲಗಳ, ಹಿರಿಯರು ಇವರು. ಅರಮನೆಯವರು ಹೊರಗಿನಿಂದ ಬಂದವರು, ನೆಲ ಬಳಿಯವರದು. ಹೊಸ ಅಟಾನನ್ನು ಒಪ್ಪಬೇಕಾದವರು ಇವರೇ. ಬರಹದ ದಾಖಲೆ ಇಲ್ಲದ ಕಾಲದಲ್ಲಿ ಇಂಥ ಒಪ್ಪಂದವನ್ನು ಎಲ್ಲಿ ಬರೆದಿಡಬೇಕು? ದೊರೆಯ ಕಿವಿಯಲ್ಲೇ ಬರೆದಿಟ್ಟರು.

ಹಾಗೆಂದು ಕಥೆಯನ್ನು ಅಕ್ಷರಶಃ ನಂಬಿದರೆ ಎಡವುತ್ತೇವೆ. ಭಾಷೆ ಕೈ ತೋರಿಸುವುದು ಪಶ್ಚಿಮಕ್ಕೆ. ಎರಡಕ್ಕೆ ಎಜಿ, ಮೂರಕ್ಕೆ ಎಟಾ, ಆರಕ್ಕೆ ಎಫಾ: ಇಗಾಲಾದಲ್ಲೂ ಇದೇ, ಪಶ್ಚಿಮದ ಯೊರುಬಾ ಜನರ ಮಾತಿನಲ್ಲೂ ಹೆಚ್ಚುಕಡಿಮೆ ಇದೇ. ಸಂತೆಯಲ್ಲಿ ಕಲಿತ ನಾಲ್ಕು ಮಾತಲ್ಲ ಇದು. ಎರಡೂ ಒಂದೇ ತಾಯಿಬೇರಿನ ಭಾಷೆಗಳು ಎಂಬುದು ಭಾಷಾವಿಜ್ಞಾನಿಗಳ ತೀರ್ಮಾನ. ಜುಕುನ್ ಭಾಷೆ ಬಲು ದೂರದ ನಂಟು. ಅರಸುಮನೆ ಪೂರ್ವದಿಂದಲೇ ಬಂದಿದ್ದರೂ, ಅದು ಕೊನೆಗೆ ಇಲ್ಲಿಯ ಜನರ ಮಾತನ್ನೇ ಆಡಿತು.

ಅಟಾನ ಎದೆಯ ಮೇಲಿನ ಹಿತ್ತಾಳೆಯ ಮುಖವಾಡ ಮೂರನೆಯ ದಿಕ್ಕನ್ನು ತೋರಿಸುತ್ತದೆ. ಹಬ್ಬದ ದಿನ ಕೊರಳಿಂದ ಇಳಿಬಿಟ್ಟ ಈ ಮುಖಕ್ಕೆ ‘ಎಜುಬೆಜಾಯ್ಲೊ’ ಎಂದು ಹೆಸರು. ಬೇರೆ ಕಣ್ಣುಗಳನ್ನು ಬೆದರಿಸುವ ಕಣ್ಣು. ಎರಕದ ಶೈಲಿ ಮಾತ್ರ ನೈರುತ್ಯದ ಹಳೆಯ ಬೆನಿನ್ ರಾಜ್ಯದ್ದು (ಈಗಿನ ಬೆನಿನ್ ದೇಶವಲ್ಲ), ಅದೂ 16ನೇ ಶತಮಾನದ್ದೆಂದು ಕಲಾ ಇತಿಹಾಸಕಾರರು ಗುರುತಿಸುತ್ತಾರೆ. ಅದೇ ಶತಮಾನದ ಮೊದಲ ಭಾಗದಲ್ಲಿ ಬೆನಿನ್ನಿನ ದೊರೆ ಎಸಿಗಿಗೂ ಇಡಾಕ್ಕೂ ಯುದ್ಧ ನಡೆದಿತ್ತು. ದಂಡು ಹೊರಟಾಗ ಹಕ್ಕಿಯೊಂದು ಸೋಲಿನ ಶಕುನ ನುಡಿಯಿತಂತೆ. ಎಸಿಗಿ ಅದನ್ನು ಕೊಲ್ಲಿಸಿ ಮುನ್ನಡೆದ, ಗೆದ್ದು ಬಂದು ಅದೇ ಹಕ್ಕಿಯನ್ನು ಹಿತ್ತಾಳೆಯಲ್ಲಿ ಎರಕ ಹೊಯ್ಯಿಸಿದ. ಆ ಯುದ್ಧದಲ್ಲಿ ಮಗನಿಗೆ ಬೆಂಬಲವಾಗಿ ನಿಂತ ರಾಜಮಾತೆ ಇಡಿಯಾಳದೆಂದು ಹೇಳುವ ದಂತದ ಮುಖ ಇಂದು ಆಫ್ರಿಕಾ ಕಲೆಯ ಗುರುತೇ ಆಗಿಹೋಗಿದೆ. ಸೋತವರ ಎದೆಯ ಮೇಲಿನ ಹಿತ್ತಾಳೆಯ ಮುಖವನ್ನು ಕೇಳಿಬಲ್ಲವರು ಕಡಿಮೆ.

ಜುಕುನ್ನರೊಂದಿಗಿನ ಯುದ್ಧದ ನೆನಪು ಇದಕ್ಕಿಂತ ಕಹಿ. ಅಯೆಗ್ಬಾ ದೊರೆಯ ಮಗಳು ಇನಿಕ್ಪಿ ನಾಡು ಉಳಿಯಲೆಂದು ಹೊಳೆಯ ದಡದಲ್ಲಿ ಜೀವಂತ ಸಮಾಧಿಯಾದಳು ಎನ್ನುತ್ತಾರೆ. ಅವಳ ಪ್ರತಿಮೆ ಇಡಾದ ದಡದಲ್ಲಿದೆ. ಅಯೆಗ್ಬಾನ ಸಂತತಿಯ ನಾಲ್ಕು ಮನೆತನಗಳಿಗೆ ಪಟ್ಟ ಸರದಿಯಂತೆ ಸಲ್ಲುತ್ತದೆ.

1841ರಲ್ಲಿ ಬ್ರಿಟಿಷರ ಮೂರು ಹಬೆಹಡಗು ಇಡಾಕ್ಕೆ ಬಂದವು. ಅಟಾ ಒಚೆಜಿ ಗುಲಾಮರ ವ್ಯಾಪಾರ ನಿಲ್ಲಿಸುವ ಒಪ್ಪಂದಕ್ಕೆ ಒಪ್ಪಿ, ಸಂಗಮದ ಬಳಿ ಮಾದರಿ ತೋಟಕ್ಕೆ ಜಾಗವನ್ನೂ ಬಿಟ್ಟುಕೊಟ್ಟ. ಬಂದವರನ್ನು ಜ್ವರ ಹಾಸಿಗೆ ಹಿಡಿಸಿತು, ಹಲವರು ಸತ್ತರು. ಮರುವರ್ಷ ತೋಟವನ್ನೂ ಕೈಬಿಟ್ಟರು. ಆ ಸಲ ಸೊಳ್ಳೆ ಗೆದ್ದಿತು. ಮುಂದೆ ಬ್ರಿಟಿಷರು ಬಂದು ಕೂತೇಬಿಟ್ಟರು.

ಅವರ ಆಳ್ವಿಕೆಯ ಕೊನೆಗಾಲದಲ್ಲಿ, 1956ರಲ್ಲಿ, ಸರ್ಕಾರದೊಂದಿಗೆ ಜಟಾಪಟಿಗಿಳಿದ ಅಟಾ ಅಮೆ ಒಬೋನಿ ತಾವೇ ಪ್ರಾಣ ಕಳೆದುಕೊಂಡರು. ಅವರ ನಂತರ ಬಂದ ಅಲಿಯು ಒಬಾಜೆ 2012ರವರೆಗೆ, ಐವತ್ತಾರು ವರ್ಷ, ಪಟ್ಟದಲ್ಲಿದ್ದರು. ಆಮೇಲೆ ಒಬೋನಿ ಮನೆತನದ ಇಡಾಕ್ವೋ. 2020ರಲ್ಲಿ ಅವರೂ ತೀರಿಕೊಂಡರು. 2021ರಲ್ಲಿ ಮ್ಯಾಥ್ಯೂ ಓಪಾಲುವಾ ಪಟ್ಟಕ್ಕೆ ಬಂದರು, ಅಚಾಡುವಿಗೆ ಇನ್ನೊಬ್ಬ ‘ಹೆಂಡತಿ’ ಸಿಕ್ಕಳು.